ಟೈಲರ್ ಅಕ್ಕನಿಗೆ ಬೇಕಾಗಿದ್ದ ನಿದ್ದೆ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ತಮ್ಮಂದಿರು ಇವತ್ತಿಗೂ ನನ್ನ ಮನೆ ಬಾಗಿಲಿಗೆ ಜಗಳಕ್ಕೆ ಬರುವ ಜನ. ಬದುಕಿದ್ದಾಗಲೂ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ನಮಗೆಲ್ಲ ಅವರು ಟೈಲರ್ ಅಕ್ಕ. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರುಗಳು ಬೇರೆ ಇದ್ದವು, ಅವನ್ನು ಬರೆದು ನನ್ನ ಕೈ ಹೊಲಸು ಮಾಡಿಕೊಳ್ಳಲಾರೆ.

ಮೊನ್ನೆ ನನ್ನ ತಂಗಿಯ ಸೊಸೆ ಮನೆಗೆ ಬಂದಿದ್ದಳು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುತ್ತಾಳಂತೆ. ಈಗೇನು ಬಿಡಿ, ಬಸ್ಸಿನ ಬೆನ್ನ ಮೇಲೆಲ್ಲ ಅದರದೇ ಜಾಹೀರಾತು. ಆಪರೇಷನ್ನಿಗೆ ಮುಂಚೆ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದ್ದರು ಅಂದಳು. "ಏನ್ ಕೇಳಿದ್ರೇ?" ಅಂದೆ. "ಯಾಕ್ ಬೇಕು ಅಂತ ಕೇಳಿದ್ರು ದೊಡ್ಡತ್ತೆ. ನಂಗೆ ಬೇಕು, ಅದಕ್ಕೇ ಅಂದೆ. ಅಷ್ಟೇ, ಮುಗೀತು," ಅಂದವಳು ಕಾಫಿ ಲೋಟ ಕೆಳಗಿಟ್ಟು ಫೋನು ನೋಡತೊಡಗಿದಳು. ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೋ ಕೆನ್ನೆಗೆ ಒಂದು ಬಾರಿಸಬೇಕೋ ನನಗೆ ತಿಳಿಯಲಿಲ್ಲ. ಆ ಎರಡು ಮಾತು ಸಮಯಕ್ಕೆ ಬಾಯಿಂದ ಹೊರಡದೆ ಒಂದು ಜೀವ ಸವೆದು ಹೋಗಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದವಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಮರ್ಜೆನ್ಸಿ ಮುಗಿದು ಜನ ಮತ್ತೆ ಗಟ್ಟಿಯಾಗಿ ಮಾತಾಡಲು ಶುರುಮಾಡಿದ್ದರು. ರಾಜಾಜಿನಗರದ ನಮ್ಮ ಬೀದಿಯಲ್ಲಿ ಅರ್ಧ ಮನೆಗಳು, ಅರ್ಧ ಖಾಲಿ ಸೈಟು. ಈಗ ಬಸವೇಶ್ವರನಗರ ಅನ್ನುವ ಕಡೆ ನಮ್ಮ ದೊಡ್ಡಪ್ಪ ಇನ್ನೂ ರಾಗಿ ಬೆಳೆಯುತ್ತಿದ್ದರು. ನಮ್ಮದು ಅಲ್ಲಿಯದೇ ಹಳ್ಳಿಯ ಒಕ್ಕಲು ಮನೆತನ. ಹೊಲ ಲೇಔಟಿಗೆ ಹೋದ ಮೇಲೆ ಅಪ್ಪ ಎರಡು ಮನೆ ಕಟ್ಟಿಸಿ, ಒಂದನ್ನು ದಾವಣಗೆರೆ ಕಡೆಯ ಒಂದು ಲಿಂಗಾಯತ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಆ ಮನೆಯಲ್ಲಿ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಅಪ್ಪಾಜಿ, ಅವ್ವ (ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ), ಬೇರೆ ಊರುಗಳಲ್ಲಿ ಕೆಲಸದಲ್ಲಿದ್ದ ಇಬ್ಬರು ಗಂಡುಮಕ್ಕಳು, ಆ ಇಬ್ಬರಿಗೂ ಹಿರಿಯರಾದ ಟೈಲರ್ ಅಕ್ಕ. ಅವರಿಗಾಗ ಮೂವತ್ತು ದಾಟಿತ್ತು. ನಾನು ಬಿ.ಎ. ಓದುತ್ತಿದ್ದೆ. ಎರಡು ಮನೆಗೂ ನಡುವೆ ಒಂದೇ ಗೋಡೆ.

ಹಜಾರದ ಕಿಟಕಿಯ ಪಕ್ಕ ಅವರ ಹೊಲಿಗೆ ಮಿಷನ್ನು, ಮಿಷನ್ನಿನ ಮುಂದೆ ಅವರ ಕುರ್ಚಿ. ಅಂಗಡಿಯಲ್ಲಿ ಸಿಗುವ ಕುರ್ಚಿ ಅವರಿಗೆ ಸಾಲದು ಅಂತ ಅವರ ಅಪ್ಪಾಜಿ ಬಡಗಿಯನ್ನು ಕೂರಿಸಿಕೊಂಡು ಮಾಡಿಸಿದ್ದ ತೇಗದ ಕುರ್ಚಿ. ಕೈಗಳಿಲ್ಲ, ಅಗಲ, ಬೆನ್ನು ಎತ್ತರ. ಬೀದಿಯ ಹೆಂಗಸರ ಬ್ಲೌಸೆಲ್ಲ ಆ ಕುರ್ಚಿಯಲ್ಲೇ ಹುಟ್ಟಿದ್ದು. ಅವರು ಎದ್ದು ನಿಂತು ಅಳತೆ ತೆಗೆಯುತ್ತಿರಲಿಲ್ಲ. ನಾವೇ ಹತ್ತಿರ ಹೋಗಿ ಬಗ್ಗಿ, ತಿರುಗಿ, ಕೈ ಎತ್ತಿ ನಿಲ್ಲಬೇಕು. ಯಾರ ಅಳತೆಯನ್ನೂ ಬಾಯಿಬಿಟ್ಟು ಹೇಳಿದವರಲ್ಲ. ಟೇಪು ಹಿಡಿದು ಒಂದು ಸಲ ನೋಡಿ, ಬಟ್ಟೆಗೆ ಸೀಮೆಸುಣ್ಣದಲ್ಲಿ ಗೀಟು ಎಳೆದು, ಟೇಪನ್ನು ಕತ್ತಿಗೆ ಹಾಕಿಕೊಂಡುಬಿಡುತ್ತಿದ್ದರು. ಹೆರಿಗೆ ಮುಗಿಸಿ ಬಂದವರು "ದಪ್ಪ ಆಗೋದ್ನಾ ಅಕ್ಕ?" ಅಂತ ಕೇಳಿದರೆ, "ಇಲ್ರೀ, ನಿಮ್ ಬಟ್ಟೆ ಕುಗ್ಗಿದೆ. ಒಗೆಯೋಳಿಗೆ ಸ್ವಲ್ಪ ಮೆತ್ತಗೆ ಒಗಿ ಅನ್ನಿ," ಅನ್ನುತ್ತಿದ್ದರು. ನಮ್ಮ ಬೀದಿಯ ಅರ್ಧಕ್ಕರ್ಧ ಹೆಂಗಸರು ತಮ್ಮ ಸೊಂಟ ಮದುವೆಯ ದಿನ ಇದ್ದ ಹಾಗೇ ಇದೆ ಅಂತ ನಂಬಿಕೊಂಡಿದ್ದರು. ಅಕ್ಕ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಿದ್ದರು, ಮುಂದೆ ಬಿಚ್ಚಿಕೊಳ್ಳಲಿ ಅಂತ.

ಒಂದು ವಿಚಿತ್ರ ಅಂದರೆ ಅವರ ಬಾಯಲ್ಲಿ 'ಬೇಕು' ಅನ್ನುವ ಪದವೇ ಇರಲಿಲ್ಲ. ನೀರು ಬೇಕಾದರೆ "ಬಿಸಿಲು ಜೋರಾಗಿದೆ ಅಲ್ವಾ" ಅನ್ನುವರು. ನಮ್ಮಮ್ಮ ಕಾಫಿ ಕೊಡಲಾ ಅಂದರೆ "ಮಾಡಿದ್ರೆ ಕೊಡಿ, ಇಲ್ಲಾಂದ್ರೆ ಬೇಡ." ನಮ್ಮ ಮನೆಗೆ ಬರುವುದು ನಾಲ್ಕು ಹೆಜ್ಜೆ, ಅಷ್ಟರಲ್ಲೇ ಉಸಿರು ಕಟ್ಟುತ್ತಿತ್ತು. ಕಟ್ಟಿತು ಅಂತ ಹೇಳುವರೇ? ನಮ್ಮ ಗೇಟಿನ ಪಕ್ಕದ ದಾಸವಾಳದ ಗಿಡದ ಹತ್ತಿರ ನಿಂತು, "ಎಷ್ಟು ಬಿಟ್ಟಿದೆ ನೋಡು ಈ ಸಲ," ಅನ್ನುತ್ತಾ ಸುಧಾರಿಸಿಕೊಳ್ಳುವರು. ಗಿಡದಲ್ಲಿ ಒಂದೂ ಹೂವಿಲ್ಲದ ದಿನವೂ ಅದೇ ಮಾತು. ನಾನೂ "ಹೌದಕ್ಕ, ತುಂಬಾ ಬಿಟ್ಟಿದೆ," ಅನ್ನುತ್ತಿದ್ದೆ.

ಹೆಣ್ಣು ನೋಡಲು ಬರುವವರಿಗೇನೂ ಬರ ಇರಲಿಲ್ಲ. ಮನೆತನ ಒಳ್ಳೆಯದು, ಅಪ್ಪಾಜಿಗೆ ಕೆಲಸ ಇದೆ, ಹುಡುಗಿಗೆ ಕೈಕೆಲಸ ಬರುತ್ತೆ. ಬರುವರು, ಉಪ್ಪಿಟ್ಟು ಕೇಸರಿಬಾತ್ ತಿನ್ನುವರು, ಅಕ್ಕ ಒಳಗಿನಿಂದ ಬಂದು ನಿಂತ ತಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು, ಊರಿಗೆ ಹೋಗಿ ತಿಳಿಸ್ತೀವಿ ಅಂದು ಹೊರಡುವರು. ತಿಳಿಸಿದವರು ಯಾರೂ ಇಲ್ಲ. ಅವರು ಹೋದ ಮೇಲೆ ಅಕ್ಕ ರೇಷ್ಮೆ ಸೀರೆ ಮಡಿಸಿಟ್ಟು, ಮಿಷನ್ನಿಗೆ ಕೂತು, ಪೆಡಲ್ಲು ತುಳಿಯುತ್ತಾ ನನಗೆ ಹೇಳುತ್ತಿದ್ದರು: "ಬಂದೋರೆಲ್ಲ ಕೇಸರಿಬಾತ್ ಒಪ್ಕೊಂಡ್ರು ಕಣೇ. ಅದಕ್ಕೇ ಒಂದು ಮದ್ವೆ ಮಾಡಿ ಕಳಿಸ್ಬೋದು." ನಾನು ನಗುತ್ತಿದ್ದೆ. ಅವರೂ ಮೈಯೆಲ್ಲ ಅಲುಗುವಂತೆ ನಗುತ್ತಿದ್ದರು. ಒಳಗೆ ಅವ್ವ ಪಾತ್ರೆ ಬಡಿಯುವುದು ಕೇಳಿಸುತ್ತಿತ್ತು.

ಆದರೆ ಅವರ ನಿಜವಾದ ಕಷ್ಟ ಮದುವೆಯದಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ ಅಂತ ಕಾಣುತ್ತದೆ. ಅವರಿಗೆ ಮಲಗಲು ಆಗುತ್ತಿರಲಿಲ್ಲ. ಬೆನ್ನು ಹಾಸಿಗೆಗೆ ತಾಗಿ ಕಣ್ಣು ಹತ್ತಿದರೆ ಸಾಕು, ಯಾರೋ ಕತ್ತು ಹಿಸುಕಿದ ಹಾಗೆ ಉಸಿರು ನಿಂತು ಎದ್ದು ಕೂತುಬಿಡುವರು. ಹಾಗಾಗಿ ವರ್ಷಗಟ್ಟಲೆ ಆ ಕುರ್ಚಿಯಲ್ಲೇ ನಿದ್ದೆ. ಮಿಷನ್ನಿನ ಹಲಗೆಯ ಮೇಲೆ ಕೌದಿ ಮಡಿಸಿಟ್ಟು ಅದಕ್ಕೆ ಹಣೆ ಹಚ್ಚಿ ಒಂದಷ್ಟು ಹೊತ್ತು, ಹಿಂದಕ್ಕೆ ಒರಗಿ ಒಂದಷ್ಟು ಹೊತ್ತು. ಗೊರಕೆ ನಮ್ಮ ಗೋಡೆ ದಾಟಿ ಬರುತ್ತಿತ್ತು. ನಡುನಡುವೆ ತಟಕ್ಕನೆ ನಿಂತುಹೋಗುವುದು. ಮತ್ತೆ ಶುರುವಾಗುವ ತನಕ ಈ ಕಡೆ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ. ಬೀದಿಯವರು ಇದನ್ನೂ ತಮಾಷೆ ಮಾಡಿದರು. ನಮ್ಮ ಬೀದಿಗೆ ಗೂರ್ಖಾ ಬೇಡ, ಕಳ್ಳರು ಆ ಸದ್ದಿಗೇ ಓಡಿಹೋಗ್ತಾರೆ ಅಂತ. ಬಾಯಿಗೆ ಮಣ್ಣು ಬೀಳ ಅವರಿಗೆ.

ನಿದ್ದೆಯಿಲ್ಲದ ಬಾಯಿ ಏನನ್ನಾದರೂ ಕೇಳುತ್ತದೆ. ಮಿಷನ್ನಿನ ಪಕ್ಕ ಒಂದು ಮಂಡಕ್ಕಿ ಡಬ್ಬ ಇರುತ್ತಿತ್ತು, ಅವರ ಊರಿನ ಕಡೆಯ ಹಾಗೆ ಎಣ್ಣೆ ಖಾರ ಹಚ್ಚಿದ್ದು. ಎಲ್ಲರೆದುರು ಊಟಕ್ಕೆ ಕೂತಾಗ ಒಂದೇ ರೊಟ್ಟಿ. ಉಳಿದದ್ದು ಈ ಡಬ್ಬದಲ್ಲಿ ನಡೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. "ತಿನ್ನೋದು ತಪ್ಪು ಅಂತ ಗೊತ್ತು ಕಣೇ," ಅಂದಿದ್ದರು ಒಮ್ಮೆ. "ಆದ್ರೆ ಮನೆಯೋರೆಲ್ಲ ಮಲಗಿರ್ತಾರೆ, ನಾನೊಬ್ಳೇ ಕೂತಿರ್ತೀನಿ. ಮಂಡಕ್ಕಿ ಒಂದೇ ಎದ್ದಿರೋದು." ಆಮೇಲೆ ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಅಂದರು: "ಒಂದೇ ಒಂದ್ ರಾತ್ರಿ ಚಾಪೆ ಮೇಲೆ ಕಾಲು ಚಾಚಿ ಮಲಗಿ ಬೆಳಗ್ಗೆ ಏಳೋ ಹಂಗಾದ್ರೆ... ಗಂಡ ಗಿಂಡ ಏನೂ ಬ್ಯಾಡ ಕಣೇ ನಂಗೆ." ಅವರು ನನ್ನೆದುರು ಆಸೆ ಅಂತ ಬಾಯಿಬಿಟ್ಟದ್ದು ಅದೊಂದೇ.

ಮಂಡಿ ನೋವಿಗೆ ಮಾತ್ರೆ ಕೊಡುತ್ತಿದ್ದ ನಮ್ಮ ಬ್ಲಾಕಿನ ಡಾಕ್ಟರು ಅವರನ್ನು ಪೇಟೆಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅಮೆರಿಕದಲ್ಲಿ ಕಲಿತು ಬಂದ ಒಬ್ಬ ಸರ್ಜನ್ ಇದ್ದರು. ಕರುಳಿನ ಬಹುಪಾಲನ್ನು ಬಿಟ್ಟು ಗಿಡ್ಡವಾಗಿ ಜೋಡಿಸಿಬಿಟ್ಟರೆ ತಿಂದದ್ದು ಮೈಗೆ ಹತ್ತುವುದಿಲ್ಲ, ತೂಕ ಇಳಿಯುತ್ತದೆ ಅಂದರಂತೆ. ನಮ್ಮ ಊರಲ್ಲಿ ಅಂಥದ್ದನ್ನು ಆಗ ಕೇಳಿದವರೇ ಇಲ್ಲ. ಅಪ್ಪಾಜಿ, ಅವ್ವ ಇಬ್ಬರೂ ಬೆವೆತುಹೋದರು. ಅಕ್ಕ ಮಾತ್ರ ಮನೆಗೆ ಬಂದವರೇ ನನ್ನ ಕರೆದು, "ಒಳಗಡೆ ಒಂದು ಟಕ್ ಹಾಕ್ತಾರೆ ಕಣೇ, ಬ್ಲೌಸಿಗೆ ಹಾಕಲ್ವಾ, ಹಂಗೆ," ಅಂದರು. ಕಣ್ಣು ಹೊಳೆಯುತ್ತಿದ್ದವು. "ತೂಕ ಇಳಿದ್ರೆ ಮಲಗಿ ನಿದ್ದೆ ಮಾಡ್ಬೋದಾ ಅಂತ ಕೇಳಿದೆ. ಮಾಡ್ಬೋದು ಅಂದ್ರು." ಅಪ್ಪಾಜಿ, ಅವ್ವನಿಗೆ ಕೇಳಿಸಿದ್ದು ಬೇರೆ. ತೂಕ ಇಳಿದರೆ ಮಗಳಿಗೆ ಮದುವೆ.

ಸರ್ಜನ್ನರು ಒಂದು ಶರತ್ತು ಹಾಕಿದ್ದರು. ಮೊದಲು ಮನಸ್ಸಿನ ಡಾಕ್ಟರು ಒಬ್ಬರು ಅಕ್ಕನ ಜತೆ ಕೂತು ಮಾತಾಡಬೇಕು. ಅವರು ಆಗಬಹುದು ಅಂದರೆ ಮಾತ್ರ ಆಪರೇಷನ್ನು.

ಅವ್ವ ಎದೆ ಎದೆ ಬಡಿದುಕೊಂಡರು. "ಯವ್ವಾ, ಹುಚ್ಚರ ಡಾಕ್ಟ್ರಾ? ಯಾರಿಗಾರ ಗೊತ್ತಾದ್ರೆ ನನ್ ಗಂಡುಮಕ್ಕಳಿಗೂ ಹೆಣ್ಣು ಕೊಡಂಗಿಲ್ಲ!" ಹಾಗಾಗಿ ಬೀದಿಗೆಲ್ಲ ನೆಂಟರ ಗೃಹಪ್ರವೇಶ ಅಂತ ಹೇಳುವುದೆಂದು ತೀರ್ಮಾನವಾಯಿತು. ನಿಜ ಗೊತ್ತಿದ್ದದ್ದು ನಮ್ಮಮ್ಮನಿಗೆ, ನನಗೆ. ನಮ್ಮಮ್ಮ ಅನುಭವಸ್ಥೆ, ಊರಿನ ಎಷ್ಟೋ ಹೆಣ್ಣುಮಕ್ಕಳನ್ನು ಗಂಡಿನವರ ಮುಂದೆ ಕೂರಿಸಿ ದಾಟಿಸಿದವಳು. ಯಾರೋ ಅಪರಿಚಿತ ಗಂಡಸು ಎದುರು ಕೂತು ಹುಡುಗಿಯನ್ನು ಪ್ರಶ್ನೆ ಕೇಳಿ, ಆಗಬಹುದು ಅಥವಾ ಆಗದು ಅನ್ನುತ್ತಾನೆ. ಇಂಥದ್ದು ಅವ್ವನಿಗೂ ನಮ್ಮಮ್ಮನಿಗೂ ಗೊತ್ತಿದ್ದದ್ದು ಒಂದೇ. ಇಬ್ಬರೂ ಸೇರಿ ಅಕ್ಕನನ್ನು ತಯಾರು ಮಾಡಿದರು.

"ಕೇಳಿದ್ದಕ್ಕಷ್ಟೇ ಹೇಳವಾ. ಹಲ್ಲು ಬಿಟ್ಟು ನಗಬ್ಯಾಡ," ಅಂದರು ಅವ್ವ. "ಏನ್ ತಿಂತೀ ಅಂದ್ರೆ ಎರಡು ಇಡ್ಲಿ ಅನ್ನು. ಮಂಡಕ್ಕಿ ಸುದ್ದಿ ಎತ್ತಬ್ಯಾಡ."

"ತಲೆ ಬಗ್ಗಿಸ್ಕೊಂಡ್ ಕೂತ್ಕೊ ಮಗಾ," ಅಂದಳು ನಮ್ಮಮ್ಮ. "ನಂಗ್ ಬೇಕು ನಂಗ್ ಬೇಡ ಅಂತ ಮಾತ್ರ ಅಪ್ಪಿತಪ್ಪಿ ಅನ್ಬೇಡ, ಬಾಯ್ಬಡುಕಿ ಅನ್ಕೋತಾರೆ. ಹಿರೀಕ್ರು ಹೇಳ್ದಂಗೆ ಅನ್ನು. ಆ ಒಂದ್ ಮಾತು ಎಲ್ಲಾ ಕಡೆ ನಡೆಯುತ್ತೆ."

"ಅಮ್ಮಾ, ಅದು ಹೆಣ್ಣು ನೋಡೋ ಶಾಸ್ತ್ರ ಅಲ್ಲ!" ಅಂತ ನಾನು ಕಿರುಚಿದೆ. "ಎರಡಕ್ಷರ ಓದಿದ್ಳು ಅಂತ ಬಂದ್ಬಿಟ್ಳು," ಅಂದಳು ಅಮ್ಮ. ಅಕ್ಕ ಇಬ್ಬರ ಮಾತಿಗೂ ತಲೆಯಾಡಿಸಿದರು, ಒಳ್ಳೆಯ ಹುಡುಗಿ.

ಬಾಡಿಗೆ ಕಾರು ಬಂತು. ಅಕ್ಕ ನೇರಳೆ ರೇಷ್ಮೆ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ತಲೆ ತುಂಬ ಕನಕಾಂಬರ ಮುಡಿದು ಹಿಂದಿನ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಉಳಿದಷ್ಟು ಜಾಗದಲ್ಲಿ ನಾನು, ಅವ್ವ. ಮುಂದೆ ಅಪ್ಪಾಜಿ. ಅವ್ವನ ತೊಡೆಯ ಮೇಲೆ ಒಂದು ಟಿಫನ್ ಕ್ಯಾರಿಯರ್ ಇತ್ತು. ಬಿಸಿ ತುಪ್ಪದ ವಾಸನೆ ಬಂದಾಗ ನನಗೆ ಗೊತ್ತಾಯಿತು, ಒಳಗಿರುವುದು ಕೇಸರಿಬಾತ್. ಡಾಕ್ಟರಿಗಂತೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಕನ್ನಡದವರೇ, ಮೆಲ್ಲಗೆ ಮಾತಾಡುವವರು. ರೋಗಿಯೊಬ್ಬರೇ ಇರಲಿ ಅಂದರು. ವಯಸ್ಸಿಗೆ ಬಂದ ಮಗಳನ್ನು ಗಂಡಸಿನ ಕೋಣೆಯಲ್ಲಿ ಒಬ್ಬಳೇ ಬಿಡಲು ಅವ್ವ ಸುತರಾಂ ಒಪ್ಪಲಿಲ್ಲ. ಕೊನೆಗೆ ಅಪ್ಪಾಜಿ, ಅವ್ವ ಹೊರಗೆ, ನಾನು ಮೂಲೆಯ ಸ್ಟೂಲಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು ಅಂತಾಯಿತು. ಅಕ್ಕನಿಗೆ ಅಲ್ಲಿನ ಕುರ್ಚಿ ಸಾಲಲಿಲ್ಲ. ಡಾಕ್ಟರು ಅದನ್ನು ನೋಡಿ, ಏನೂ ಅನ್ನದೆ, ತಾವೇ ಒಂದು ಬೆಂಚು ಎಳೆದು ತಂದು ಹಾಕಿದರು. ಒಳ್ಳೆಯ ಮನುಷ್ಯ. ಅವರನ್ನು ಬೈಯಲು ನನಗೆ ಇವತ್ತಿಗೂ ಒಂದು ಕಾರಣ ಸಿಗುವುದಿಲ್ಲ, ಅದೇ ನನ್ನ ಸಂಕಟ.

ಮೊದಲು ಶಾಯಿ ಚೆಲ್ಲಿ ಮಡಿಸಿ ತೆಗೆದ ಹಾಗಿದ್ದ ಕೆಲವು ಚಿತ್ರಗಳನ್ನು ತೋರಿಸಿ, ಏನು ಕಾಣುತ್ತದೆ ಅಂತ ಕೇಳಿದರು. ತಲೆ ತಗ್ಗಿಸಿದ್ದ ಅಕ್ಕ ಮೆಲ್ಲಗೆ ಮುಖ ಎತ್ತಿದರು. "ಇದು ಬೆನ್ನಿನ ಪಾರ್ಟು ಸಾರ್. ಬಟ್ಟೆ ಮಡಿಸಿ ಕತ್ತರಿಸಿ ಬಿಚ್ಚಿದ್ರೆ ಹಿಂಗೇ ಬರುತ್ತೆ. ಆದ್ರೆ ಕಂಕುಳ ಹತ್ರ ಕತ್ತರಿ ಜಾಸ್ತಿ ಹೋಗ್ಬಿಟ್ಟಿದೆ, ಇದನ್ನ ಹಾಕ್ಕೊಂಡ್ರೆ ಕೈ ಎತ್ತಕ್ಕಾಗಲ್ಲ." ಡಾಕ್ಟರು ಬಾಯಿ ತುಂಬ ನಕ್ಕರು. ಅಕ್ಕನೂ ನಕ್ಕರು. ಇನ್ನೊಂದು ಚಿತ್ರ ಕಾಲರ್ ಆಯಿತು, ಮತ್ತೊಂದು ಯಾರದೋ ಮಗುವಿನ ಫ್ರಾಕು. ನನ್ನ ಎದೆ ಹಗುರಾಯಿತು. ಇವರು ಹೀಗೇ ಮಾತಾಡಲಿ ದೇವರೇ ಅಂದುಕೊಂಡೆ.

ಆಮೇಲೆ ಡಾಕ್ಟರು ಚಿತ್ರಗಳನ್ನು ಪಕ್ಕಕ್ಕಿಟ್ಟು ಅಕ್ಕನ ಬಗ್ಗೆಯೇ ಕೇಳತೊಡಗಿದರು. ಅಷ್ಟೇ. ಅಕ್ಕನ ತಲೆ ತಗ್ಗಿತು, ಸೆರಗು ಬೆರಳಿಗೆ ಸುತ್ತಿಕೊಂಡಿತು.

"ದಿನಾ ಏನು ಊಟ ಮಾಡ್ತೀರಿ?"

"ಎರಡು ಇಡ್ಲಿ."

"ಮಧ್ಯಾಹ್ನ?"

ಮಧ್ಯಾಹ್ನದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಎರಡು ಇಡ್ಲಿ," ಅಂದರು.

"ದುಃಖ ಆಗುತ್ತಾ? ಒಬ್ಬರೇ ಇದ್ದಾಗ ಅಳು ಬರುತ್ತಾ?"

"ಇಲ್ಲ ಸಾರ್. ಚೆನ್ನಾಗಿದೀನಿ."

"ನಿದ್ದೆ?"

ನಾನು ಸ್ಟೂಲಿನ ತುದಿಗೆ ಬಂದೆ. ನಿದ್ದೆ ಇಲ್ಲ ಅಂದರೆ ಕೊರತೆ ಹೇಳಿಕೊಂಡ ಹಾಗೆ. ಗಂಡಿನವರ ಮುಂದೆ ಯಾವ ಹುಡುಗಿ ತನ್ನ ಕೊರತೆ ಹೇಳಿಕೊಳ್ಳುತ್ತಾಳೆ? "ಚೆನ್ನಾಗಿ ಬರುತ್ತೆ ಸಾರ್," ಅಂದುಬಿಟ್ಟರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಈ ಆಪರೇಷನ್ ಯಾಕೆ ನಿಮಗೆ? ಇದು ಸಣ್ಣ ವಿಷಯ ಅಲ್ಲಮ್ಮ. ಆದ್ಮೇಲೆ ಜೀವನ ಪೂರ್ತಿ ಹೊಟ್ಟೆ ಕೆಡ್ತಾ ಇರುತ್ತೆ, ಮಾತ್ರೆ ತಗೊಳ್ತಾ ಇರ್ಬೇಕು, ಪ್ರಾಣಕ್ಕೂ ಅಪಾಯ ಇದೆ. ಬೇರೆಯವರು ಹೇಳಿದ್ರು ಅಂತ ಮಾಡಿಸ್ಕೊಂಡೋರು ಅದನ್ನ ತಡ್ಕೊಳ್ಳೋದಿಲ್ಲ. ನೀವು ಹೇಳಿ. ನಿಮಗೆ ಬೇಕಾ?"

"ಹಿರಿಯರು ಹೇಳಿದ ಹಾಗೆ ಸಾರ್."

"ಹಿರಿಯರು ಇರ್ಲಿ. ನಿಮಗೆ?"

ಅಕ್ಕನ ಬೆವರು ಕಿವಿಯ ಪಕ್ಕ ಹರಿದು ಕನಕಾಂಬರದ ಬಣ್ಣ ಇಳಿಯುತ್ತಿತ್ತು. "ಅಪ್ಪಾಜಿ ಹೇಗೆ ಹೇಳಿದ್ರೆ ಹಾಗೆ," ಅಂದರು.

ನಾನು ಎದ್ದು ನಿಂತುಬಿಟ್ಟೆ. "ಸುಳ್ಳು ಡಾಕ್ಟ್ರೇ! ಇವ್ರು ಮಲಗೋದೇ ಇಲ್ಲ, ಕೂತೇ ಇರ್ತಾರೆ. ಇವ್ರಿಗೆ ಬೇಕು, ನಂಗೆ ಗೊತ್ತು!" ಡಾಕ್ಟರು ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, "ಅದನ್ನ ಅವರು ಹೇಳ್ಬೇಕಮ್ಮ. ನೀವು ಹೇಳಿದ್ರೂ ಬೇರೆಯವರು ಹೇಳಿದ ಹಾಗೇ ಆಯ್ತಲ್ಲ," ಅಂದರು. ಮತ್ತೆ ಅಕ್ಕನ ಕಡೆ ನೋಡಿ ಕಾದರು. ತುಂಬ ಹೊತ್ತು ಕಾದರು. ಅಕ್ಕ ಸೆರಗನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು.

ಹೊರಗೆ ಬಂದು ಡಾಕ್ಟರು ಅಪ್ಪಾಜಿಗೆ ಹೇಳಿದ್ದು ಇಷ್ಟು: ಈಗ ಬೇಡ. ಮಗಳ ಮನಸ್ಸು ಏನು ಅಂತ ನನಗೆ ತಿಳಿಯಲಿಲ್ಲ. ಕೆಲವು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ, ನಾನೇ ಮತ್ತೆ ಮಾತಾಡುತ್ತೇನೆ. ಡಾಕ್ಟರು ಬೇಡ ಬೇಡ ಅಂದರೂ ಅವ್ವ ಟಿಫನ್ ಕ್ಯಾರಿಯರ್ ಬಿಚ್ಚಿದರು. ಡಾಕ್ಟರು ಸಂಕೋಚದಿಂದ ಎರಡು ಚಮಚ ತಿಂದು, ಚೆನ್ನಾಗಿದೆ ಅಂದರು. ಕಾರಿನಲ್ಲಿ ಕೂತ ಮೇಲೆ ಅಕ್ಕ ಕಿಟಕಿಯ ಕಡೆ ನೋಡುತ್ತಾ ನನಗೆ ಮಾತ್ರ ಕೇಳಿಸುವಂತೆ, "ಇವ್ರೂ ಕೇಸರಿಬಾತ್ ಒಪ್ಕೊಂಡ್ರು," ಅಂದರು. ಈ ಸಲ ನನಗೆ ನಗು ಬರಲಿಲ್ಲ. ಅವರೂ ನಗಲಿಲ್ಲ.

ಮತ್ತೆ ಬನ್ನಿ ಅಂದಿದ್ದರಲ್ಲ, ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಕೆಲವು ತಿಂಗಳು ಬಿಟ್ಟು ಅಪ್ಪಾಜಿಯ ಮುಂದೆ ನಿಂತು, "ಡಾಕ್ಟ್ರು ಬನ್ನಿ ಅಂದಿದ್ರಲ್ಲ ಅಪ್ಪಾಜಿ," ಅಂದೆ. ಆ ಮನುಷ್ಯ ಮಗಳಿಗೆಂದು ಕುರ್ಚಿ ಮಾಡಿಸಿದವರು, ಅವಳ ಕಾಲು ಊದಿದಾಗ ತಾವೇ ಎಣ್ಣೆ ತಿಕ್ಕುತ್ತಿದ್ದವರು. ಪ್ರೀತಿಗೇನೂ ಕಮ್ಮಿಯಿರಲಿಲ್ಲ. ಆದರೆ ಅವರ ಲೆಕ್ಕದಲ್ಲಿ 'ಈಗ ಬೇಡ' ಅನ್ನುವುದೂ 'ಊರಿಗೆ ಹೋಗಿ ತಿಳಿಸ್ತೀವಿ' ಅನ್ನುವುದೂ ಒಂದೇ. ಎಷ್ಟು ಸಲ ಕೇಳಿರಲಿಲ್ಲ ಅವರು ಅದನ್ನು! ಪೇಪರಿನಿಂದ ತಲೆ ಎತ್ತಿ ಅಂದರು: "ಒಂದ್ಸಲ ಒಲ್ಲೆ ಅಂದೋರ ಹೊಸ್ಲು ಮತ್ತೆ ತುಳಿಯೋ ಮನೆತನ ಅಲ್ಲವಾ ನಮ್ದು. ನನ್ ಮಗಳನ್ನ ಎಷ್ಟು ಮಂದಿ ಮುಂದೆ ಕೂರಿಸ್ಲಿ? ಸಾಕು." ಅವರ ದನಿ ಒಡೆದಿತ್ತು. ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಆಗ ನಾನೂ ಅಕ್ಕನೂ ಸೇರಿ ಒಂದು ಕಳ್ಳ ಉಪಾಯ ಹೂಡಿದೆವು. ಲೈನಿಂಗ್ ಬಟ್ಟೆ ತರಲು ಪೇಟೆಗೆ ಅಂತ ಹೇಳಿ ಇಬ್ಬರೇ ಹೋಗುವುದು. ಅದಕ್ಕೆ ಮುಂಚೆ ಅಕ್ಕ ಆ ಮಾತನ್ನು ಅಭ್ಯಾಸ ಮಾಡಬೇಕು. ಮಧ್ಯಾಹ್ನ ಅವ್ವ ಮಲಗಿದಾಗ ನಾನು ಡಾಕ್ಟರಾಗಿ ಎದುರು ಕೂರುತ್ತಿದ್ದೆ. "ನಿಮಗೆ ಬೇಕಾ?" ಅನ್ನುತ್ತಿದ್ದೆ. ಅಕ್ಕ ಪೆಡಲ್ಲು ನಿಲ್ಲಿಸಿ, "ನಂಗೆ..." ಅಂದು ಕಿಸಕ್ಕನೆ ನಕ್ಕುಬಿಡುವರು. "ನಾಚಿಕೆ ಕಣೇ. ಬಾಯಿಗೇ ಬರಲ್ಲ."

"ನಿದ್ದೆ ಬೇಕೋ ನಾಚಿಕೆ ಬೇಕೋ ನಿಮಗೆ?" ಅಂತ ರೇಗಿದೆ. ಅವರ ಮುಖ ಸಣ್ಣದಾಯಿತು. ಮಾರನೆಯ ದಿನದಿಂದ ಮಿಷನ್ನಿನ ಸದ್ದಿನೊಳಗೆ ಸೇರಿಸಿಕೊಂಡು ಹೇಳಿಕೊಳ್ಳತೊಡಗಿದರು. ಹೊಲಿಗೆ ಓಡುವಾಗ ನಂಗೆ ಬೇಕು, ನಂಗೆ ಬೇಕು. ಹೊಲಿಗೆ ನಿಂತರೆ ಮಾತೂ ನಿಂತುಹೋಗುತ್ತಿತ್ತು. ಒಂದು ದಿನ ಮಿಷನ್ನು ನಿಂತಿದ್ದಾಗಲೇ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಪೂರ್ತಿ ಹೇಳಿದರು. ಆ ಸಂತೋಷಕ್ಕೆ ಇಬ್ಬರೂ ಮಂಡಕ್ಕಿ ತಿಂದೆವು.

ಹೊರಟ ದಿನ ಆಟೋದವನು ಮೀಟರು ಹಾಕುವ ಮುಂಚೆ ಹಿಂದೆ ತಿರುಗಿ ನೋಡಿ, "ಇಬ್ರು ಅಂದ್ರಿ, ಮೂರ್ ಜನ ಆಗ್ತಾರಲ್ಲಮ್ಮ," ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅಂದರು: "ಅದರಲ್ಲಿ ಒಬ್ರನ್ನ ಇಳಿಸೋಕೇ ಹೋಗ್ತಾ ಇದೀವಿ ಅಣ್ಣ, ಬೇಗ ಬಿಡು." ಅವನೇ ನಾಚಿ ಸ್ಟಾರ್ಟ್ ಮಾಡಿದ. ಮಾಗಡಿ ರಸ್ತೆಯುದ್ದಕ್ಕೂ ಅಕ್ಕನ ತುಟಿ ಅಲುಗುತ್ತಿತ್ತು. ಅಷ್ಟು ಚೆಲುವಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಆಸ್ಪತ್ರೆಯ ಕಾರಿಡಾರು ಉದ್ದ. ನಡುವೆ ನಿಂತು, ಗೋಡೆಯ ಮೇಲಿನ ಬೋರ್ಡು ನೋಡಿ, "ಏನೇನೋ ಬರ್ದಿದಾರೆ, ಓದೋಣ ಇರು," ಅಂದರು. ದಾಸವಾಳ ಇರಲಿಲ್ಲವಲ್ಲ. ಆ ಕೋಣೆಯ ಹತ್ತಿರ ಹೋದಾಗ ಬಾಗಿಲಿಗೆ ಬೀಗ. ಪಕ್ಕದಲ್ಲಿ ಅಟೆಂಡರ್ ಒಬ್ಬ ಸ್ಟೂಲಿನ ಮೇಲೆ ಕೂತು ಬೀಡಿ ಕಿವಿಗೆ ಸಿಕ್ಕಿಸಿಕೊಂಡಿದ್ದ. ಯಾರು, ಏನು ಅಂತ ಅವನು ಕೇಳಿದ್ದೇ ತಡ, ತಡೆದುಕೊಂಡು ತಡೆದುಕೊಂಡು ಬಂದಿದ್ದ ಅಕ್ಕ, ಕಾರಿಡಾರಿಗೆಲ್ಲ ಕೇಳುವಂತೆ ಹೇಳಿಬಿಟ್ಟರು: "ನಂಗೆ ಆಪರೇಷನ್ ಬೇಕು. ಯಾರೂ ಹೇಳಿ ಬಂದಿದ್ದಲ್ಲ. ನಂಗೇ ಬೇಕು. ನಂಗೆ ಮಲಗಿ ನಿದ್ದೆ ಮಾಡ್ಬೇಕು."

ಅವನು ಎದ್ದು ನಿಂತ. "ಆ ಡಾಕ್ಟ್ರು ಟ್ರಾನ್ಸ್‌ಫರ್ ಆದ್ರಲ್ಲಮ್ಮ."

"ಹಂಗಾದ್ರೆ ಆಪರೇಷನ್ ಮಾಡೋ ಡಾಕ್ಟ್ರು?" ಅಂದೆ ನಾನು.

"ಅಮೆರಿಕದ ಡಾಕ್ಟ್ರಾ? ಅವ್ರು ಅಲ್ಲಿಗೇ ವಾಪಸ್ ಹೋದ್ರು. ಅದನ್ನ ಮಾಡೋರು ಇಲ್ಲಿ ಇನ್ಯಾರೂ ಇಲ್ಲ ತಾಯಿ."

ನಾನು ಅವನ ಜತೆ ಜಗಳಕ್ಕೇ ಬಿದ್ದೆ. ಬೇರೆ ಯಾರಿದ್ದಾರೆ, ಎಲ್ಲಿ ಮಾಡುತ್ತಾರೆ, ದೊಡ್ಡ ಡಾಕ್ಟರನ್ನು ಕರಿ ಅಂತ. ಪಾಪ, ಅವನೇನು ಮಾಡಿಯಾನು. ಅಕ್ಕ ನನ್ನ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾವೂ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, "ಹೇಳಿದ್ನಲ್ಲ. ಕೇಳಿಸ್ಕೊಂಡೆ ತಾನೇ ನೀನು?" ಅಂದರು.

"ಕೇಳಿಸ್ಕೊಂಡೆ ಅಕ್ಕ."

"ಸಾಕು ಬಿಡು."

ಬರುವಾಗ ನಿಜವಾಗಿಯೂ ಲೈನಿಂಗ್ ಬಟ್ಟೆ ಕೊಂಡರು, ಅಪ್ಪಾಜಿಗೆ ಹೇಳಿದ್ದು ಸುಳ್ಳಾಗಬಾರದು ಅಂತ.

ಆಮೇಲೆ ಹೆಚ್ಚು ದಿನ ಇಲ್ಲ. ಕಾಲುಗಳ ಊತ ಇಳಿಯಲೇ ಇಲ್ಲ. ಹೊಲಿಗೆ ಕಮ್ಮಿಯಾಯಿತು, ತಮಾಷೆಯೂ ಕಮ್ಮಿಯಾಯಿತು. ಹಗಲಿನಲ್ಲೇ ಮಾತಾಡುತ್ತಾ ಮಾತಾಡುತ್ತಾ ಕಣ್ಣು ಮುಚ್ಚಿಹೋಗುತ್ತಿತ್ತು, ಕೈಯಲ್ಲಿದ್ದ ಕತ್ತರಿ ಜಾರುತ್ತಿತ್ತು. ನಾನು ಕತ್ತರಿ ಎತ್ತಿಟ್ಟು ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಮತ್ತೆ ಯಾವ ಡಾಕ್ಟರ ಮಾತೂ ಆ ಮನೆಯಲ್ಲಿ ಬರಲಿಲ್ಲ. ಒಂದು ದಿನ ಬೆಳಗ್ಗೆ ಅವ್ವನ ಕೂಗು ಕೇಳಿ ಓಡಿದೆವು. ಅಕ್ಕ ಕುರ್ಚಿಯಲ್ಲಿ ಕೂತು, ಮಿಷನ್ನಿನ ಮೇಲಿನ ಕೌದಿಗೆ ಹಣೆ ಹಚ್ಚಿದ್ದರು. ಅವ್ವ ಕಾಫಿ ಇಟ್ಟು ಹೋಗಿ, ಲೋಟ ತೆಗೆಯಲು ಬಂದಾಗಲೇ ಗೊತ್ತಾಗಿದ್ದು.

ನಮ್ಮ ಜನರಲ್ಲಿ ತೀರಿಕೊಂಡವರನ್ನು ಚಾಪೆ ಹಾಸಿ ಮಲಗಿಸುತ್ತಾರೆ. ಅಳುತ್ತಲೇ ನನಗೆ ಹೊಳೆದದ್ದು ಅದು, ಇನ್ನಾದರೂ ಕಾಲು ಚಾಚುತ್ತಾರಲ್ಲ ಅಂತ. ನಾನೇ ಒಳಗೆ ಹೋಗಿ ಚಾಪೆ ಹುಡುಕಿ ತಂದು ಹಜಾರದಲ್ಲಿ ಬಿಡಿಸಿದೆ. ಅಷ್ಟರಲ್ಲಿ ಅವರ ಕಡೆಯ ನೆಂಟರು, ಶಾಸ್ತ್ರ ಮಾಡಿಸುವ ಅಯ್ಯನವರು ಬಂದರು. ಸ್ನಾನ ಮಾಡಿಸಿದರು, ಹಣೆ ತೋಳಿಗೆಲ್ಲ ವಿಭೂತಿ ಬಳಿದರು, ಆಮೇಲೆ ಎಷ್ಟೋ ಜನ ಸೇರಿ ಎತ್ತಿ, ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸತೊಡಗಿದರು.

"ಅಪ್ಪಾಜಿ, ಬೇಡ, ಮಲಗಿಸಿ ಅವರನ್ನ," ಅಂದೆ. "ನಿಮ್ಮ ಕಾಲಿಗೆ ಬೀಳ್ತೀನಿ. ಚಾಪೆ ಹಾಸಿದೀನಿ ನೋಡಿ."

ಅಪ್ಪಾಜಿ ನನ್ನ ತಲೆ ಮೇಲೆ ಕೈಯಿಟ್ಟರು. "ನಮ್ಮಲ್ಲಿ ಮಲಗಿಸಂಗಿಲ್ಲವಾ. ಕೈಯಾಗ ಲಿಂಗ ಹಿಡಿದು ಕುಂತೇ ಹೋಗ್ಬೇಕು," ಅಂದರು. ನಾನು ಯಾಕೆ ಹಾಗೆ ಅಳುತ್ತಿದ್ದೇನೆ ಅನ್ನುವುದು ಅವರಿಗೆ ತಿಳಿಯಲಿಲ್ಲ. ನನ್ನ ಬೆನ್ನು ಸವರುತ್ತಾ ನಿಂತಿದ್ದರು. ಯಾರೋ ಬಂದು, ಕಾಲಿಗೆ ಅಡ್ಡ ಅಂತ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದರು.

ಅವರ ಪದ್ಧತಿಯಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ, ಗೊತ್ತು ನನಗೆ. ಹೂವಿನ ವಿಮಾನದಲ್ಲಿ ಕೂರಿಸಿಕೊಂಡೇ ಹೊತ್ತರು. ಬೀದಿಯ ಹೆಂಗಸರೆಲ್ಲ ಅವರು ಹೊಲಿದ ಬ್ಲೌಸು ತೊಟ್ಟು ಗೇಟಿನಲ್ಲಿ ನಿಂತಿದ್ದರು. ಮಾಗಡಿ ರಸ್ತೆಯ ಕಡೆ ಒಂದು ರುದ್ರಭೂಮಿ ಇದೆ. ಅಲ್ಲಿ ಗುಂಡಿ ಅಗಲ ಸಾಲದೆ ಮತ್ತೆ ಅಗೆಯಬೇಕಾಯಿತು ಅಂತ ನಮ್ಮಪ್ಪ ಬಂದು ಅಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದರು.

ಈಗಲೂ ಬಸ್ಸು ಆ ರುದ್ರಭೂಮಿಯ ಕಾಂಪೌಂಡಿನ ಪಕ್ಕ ಹೋಗುವಾಗ ನಾನು ಎದ್ದು ನಿಂತುಕೊಳ್ಳುತ್ತೇನೆ. ಪಕ್ಕದವರು ಮುಂದಿನ ಸ್ಟಾಪಾ ಅಂತ ಕೇಳುತ್ತಾರೆ. ಅಲ್ಲ ಅನ್ನುತ್ತೇನೆ. ಗೋಡೆಯ ಆ ಕಡೆ, ಮಣ್ಣಿನೊಳಗೆ, ಅಕ್ಕ ಇನ್ನೂ ಕೂತೇ ಇದ್ದಾರೆ.